ಹಸಿವು ಬದಲಿಸುವ ಸ್ವಭಾವ: ಊಟ ಬಿಟ್ಟವರಿಗೆ ‘ವ್ಯಕ್ತಿತ್ವ ದೋಷ’ದ ಪಟ್ಟ ಕಟ್ಟುವ ಮುನ್ನ

ಬೆಂಗಳೂರು: ಊಟ ಬಿಟ್ಟು ಸೊರಗಿದ ಹದಿಹರೆಯದ ಮಗಳನ್ನು ವೈದ್ಯರ ಬಳಿ ಕರೆತರುವ ತಂದೆತಾಯಿಯ ದೂರು ಊಟಕ್ಕಷ್ಟೇ ಸೀಮಿತವಾಗಿರುವುದಿಲ್ಲ. ಅವಳು ಹಟಮಾರಿಯಾಗಿದ್ದಾಳೆ, ಯಾರೊಂದಿಗೂ ಬೆರೆಯುವುದಿಲ್ಲ, ಸಣ್ಣ ಮಾತಿಗೂ ಸಿಡುಕುತ್ತಾಳೆ, ತಟ್ಟೆಯಲ್ಲಿರುವುದನ್ನು ತುಣುಕು ತುಣುಕು ಮಾಡಿ ಗಂಟೆಗಟ್ಟಲೆ ಕೂರುತ್ತಾಳೆ ಎಂಬ ಮಾತುಗಳೂ ಅದರೊಂದಿಗೆ ಬರುತ್ತವೆ. ಇವು ಅವಳ ಸ್ವಭಾವವೇ ಅಥವಾ ರೋಗ ತಂದಿತ್ತ ಗುಣಗಳೇ?

ಈ ಪ್ರಶ್ನೆಗೆ ಅವಸರದ ಉತ್ತರ ನೀಡಿದರೆ ಚಿಕಿತ್ಸೆಯ ದಾರಿಯೇ ತಪ್ಪುವ ಅಪಾಯವಿದೆ. ಮನೋವೈದ್ಯ ವಿಜ್ಞಾನದಲ್ಲಿ ಕಳೆದ ಹಲವು ದಶಕಗಳಿಂದ ನಡೆದಿರುವ ಸಂಶೋಧನೆಗಳು ಈ ಎಚ್ಚರಿಕೆಯನ್ನು ಮತ್ತೆ ಮತ್ತೆ ನೀಡಿವೆ.

ಎರಡು ಬಗೆಯ ತೊಂದರೆಗಳು

ಈಟಿಂಗ್ ಡಿಸಾರ್ಡರ್ ಎಂದು ಕರೆಯಲಾಗುವ ಆಹಾರ ಸೇವನೆಯ ಮನೋರೋಗಗಳಲ್ಲಿ ಮೂರು ಪ್ರಮುಖವಾದವು. ತೂಕ ಅಪಾಯಕಾರಿ ಮಟ್ಟಕ್ಕೆ ಇಳಿದರೂ ಆಹಾರವನ್ನು ನಿರಾಕರಿಸುತ್ತಲೇ ಹೋಗುವುದು ಅನೊರೆಕ್ಸಿಯಾ ನರ್ವೋಸಾ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಹೆಸರನ್ನು ಬಳಕೆಗೆ ತಂದರು. ಹತೋಟಿಯಿಲ್ಲದೆ ತಿಂದು, ಬಳಿಕ ವಾಂತಿ ಮಾಡಿಕೊಂಡು ಅಥವಾ ಬೇರೆ ವಿಧಾನದಿಂದ ಅದನ್ನು ಸರಿದೂಗಿಸಲು ಯತ್ನಿಸುವುದು ಬುಲಿಮಿಯಾ ನರ್ವೋಸಾ. ಇದನ್ನು ಪ್ರತ್ಯೇಕ ರೋಗವಾಗಿ 1979ರಲ್ಲಿ ವಿವರಿಸಿದವರು ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್. ಸರಿದೂಗಿಸುವ ಯತ್ನವಿಲ್ಲದೆ ಪದೇ ಪದೇ ಮಿತಿಮೀರಿ ತಿನ್ನುವ ಬಿಂಜ್ ಈಟಿಂಗ್ ಡಿಸಾರ್ಡರ್‌ಗೆ ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಸ್ವತಂತ್ರ ಸ್ಥಾನ ದೊರೆಯಿತು.

ಪರ್ಸನಾಲಿಟಿ ಡಿಸಾರ್ಡರ್ ಅಥವಾ ವ್ಯಕ್ತಿತ್ವ ದೋಷ ಎಂಬುದು ಬೇರೆಯೇ ಸಂಗತಿ. ಯೋಚಿಸುವ, ಭಾವಿಸುವ, ಇತರರೊಂದಿಗೆ ನಡೆದುಕೊಳ್ಳುವ ರೀತಿಯೇ ಹದಿಹರೆಯ ಅಥವಾ ಯೌವನದ ಆರಂಭದಿಂದ ಬಿಗುವಾಗಿ, ಎಲ್ಲ ಸಂದರ್ಭಗಳಲ್ಲೂ ತೊಂದರೆ ಕೊಡುವಂತೆ ನೆಲೆಗೊಂಡಿದ್ದರೆ ಮಾತ್ರ ಈ ನಿರ್ಣಯಕ್ಕೆ ಬರಬಹುದು. ತೀವ್ರ ಭಾವೋದ್ವೇಗ, ಸಂಬಂಧಗಳಲ್ಲಿ ಏರುಪೇರು ಮತ್ತು ಸ್ವಹಾನಿಯ ಪ್ರವೃತ್ತಿ ಇರುವ ‘ಬಾರ್ಡರ್‌ಲೈನ್’ ಇದರ ಒಂದು ಬಗೆ. ಅತಿಯಾದ ಅಚ್ಚುಕಟ್ಟು, ನಿಯಮಪಾಲನೆ ಮತ್ತು ಬಿಗಿ ಹಿಡಿತದ ‘ಅಬ್ಸೆಸಿವ್ ಕಂಪಲ್ಸಿವ್’ ವ್ಯಕ್ತಿತ್ವ ಮತ್ತೊಂದು.

ಈ ಎರಡೂ ತೊಂದರೆಗಳು ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಊಟ ನಿರಾಕರಿಸುವವರಲ್ಲಿ ಅಚ್ಚುಕಟ್ಟಿನ ಗೀಳು, ಬುಲಿಮಿಯಾ ಇರುವವರಲ್ಲಿ ಬಾರ್ಡರ್‌ಲೈನ್ ಲಕ್ಷಣಗಳು ಹೆಚ್ಚಾಗಿ ಕಂಡುಬರುತ್ತವೆ. ಆದರೆ ಯಾವುದು ಮೊದಲು, ಯಾವುದು ನಂತರ ಎಂಬುದೇ ಜಟಿಲ ಪ್ರಶ್ನೆ.

36 ಯುವಕರ ಮೇಲೆ ನಡೆದ ಪ್ರಯೋಗ

ಇದಕ್ಕೆ ಉತ್ತರದ ಒಂದು ಭಾಗ ದೊರೆತದ್ದು ಮನೋವೈದ್ಯರಲ್ಲದವರ ಅಧ್ಯಯನದಿಂದ ಎಂಬುದು ಗಮನಾರ್ಹ. ಎರಡನೆಯ ಮಹಾಯುದ್ಧದ ಕಾಲವದು. ಯುರೋಪಿನಲ್ಲಿ ಹಸಿವಿನಿಂದ ಬಳಲಿದ ಜನರಿಗೆ ಮತ್ತೆ ಆಹಾರ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ 1944ರ ನವೆಂಬರ್‌ನಲ್ಲಿ ಪ್ರಯೋಗವೊಂದನ್ನು ಆರಂಭಿಸಿದರು. ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲು ನಿರಾಕರಿಸಿದ್ದ 36 ಯುವಕರು ಸ್ವಇಚ್ಛೆಯಿಂದ ಇದರಲ್ಲಿ ಪಾಲ್ಗೊಂಡರು. ದೈಹಿಕವಾಗಿ, ಮಾನಸಿಕವಾಗಿ ಆರೋಗ್ಯವಂತರೆಂದು ಖಚಿತಪಡಿಸಿಕೊಂಡೇ ಅವರನ್ನು ಆರಿಸಲಾಗಿತ್ತು.

ಮೊದಲ 12 ವಾರ ಸಾಮಾನ್ಯ ಆಹಾರ. ಬಳಿಕ 24 ವಾರ ಸುಮಾರು ಅರ್ಧದಷ್ಟು ಆಹಾರ. ಆನಂತರ ಪುನಶ್ಚೇತನ. ಅರೆಹೊಟ್ಟೆಯ ಅವಧಿಯಲ್ಲಿ ಅವರು ದೇಹತೂಕದ ಸುಮಾರು ಕಾಲುಭಾಗ ಕಳೆದುಕೊಂಡರು. ಆದರೆ ಅಚ್ಚರಿ ಮೂಡಿಸಿದ್ದು ಅವರ ನಡವಳಿಕೆಯಲ್ಲಿ ಆದ ಬದಲಾವಣೆ.

ಹಸನ್ಮುಖಿಗಳಾಗಿದ್ದವರು ಸಿಡುಕರಾದರು, ಖಿನ್ನರಾದರು, ಗೆಳೆಯರಿಂದ ದೂರ ಸರಿದರು. ಹಗಲಿರುಳು ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ತಟ್ಟೆಯಲ್ಲಿದ್ದುದನ್ನು ಬೆರೆಸಿ, ಒಡೆದು, ಬಹಳ ಹೊತ್ತು ಎಳೆದಾಡಿ ತಿನ್ನುವ ಅಭ್ಯಾಸ ಬೆಳೆಯಿತು. ಆಹಾರ ಮತ್ತೆ ದೊರೆತಾಗ ಕೆಲವರು ಹತೋಟಿಯಿಲ್ಲದೆ ತಿಂದರು. ಒಬ್ಬ ಯುವಕ ಕೊಡಲಿಯಿಂದ ತನ್ನ ಕೈಬೆರಳುಗಳನ್ನೇ ಕಡಿದುಕೊಂಡ. ವ್ಯಕ್ತಿತ್ವವನ್ನು ಅಳೆಯುವ ಪ್ರಶ್ನಾವಳಿಯಲ್ಲಿಯೂ ಅವರ ಅಂಕಗಳು ಅಸ್ವಸ್ಥತೆಯತ್ತ ವಾಲಿದವು. ಈ ಅಧ್ಯಯನದ ಸಮಗ್ರ ವರದಿ 1950ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಆ ಯುವಕರಿಗೆ ಅನೊರೆಕ್ಸಿಯಾ ಇರಲಿಲ್ಲ. ಅದು ಏಕೆ ಆರಂಭವಾಗುತ್ತದೆ ಎಂಬುದನ್ನು ಈ ಪ್ರಯೋಗ ಹೇಳುವುದೂ ಇಲ್ಲ. ಆದರೆ ನಾವು ‘ಸ್ವಭಾವ’ವೆಂದು ಕರೆಯುವ ಹಲವು ಗುಣಗಳನ್ನು ಹಸಿವೊಂದೇ ಸೃಷ್ಟಿಸಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ತೂಕ ತೀರಾ ಕಡಿಮೆಯಿರುವಾಗ ವ್ಯಕ್ತಿತ್ವ ದೋಷವನ್ನು ನಿರ್ಣಯಿಸಲು ವೈದ್ಯರು ಹಿಂಜರಿಯುವುದು ಈ ಕಾರಣದಿಂದಲೇ.

ನಾಣ್ಯದ ಮತ್ತೊಂದು ಮುಖ

ಹಾಗೆಂದು ಎಲ್ಲವನ್ನೂ ಹಸಿವಿನ ತಲೆಗೆ ಕಟ್ಟುವಂತಿಲ್ಲ. ಲಂಡನ್ನಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಆಹಾರ ಸೇವನೆಯ ರೋಗವಿರುವ ಮಹಿಳೆಯರ ಬಾಲ್ಯದ ಗುಣಗಳನ್ನು ಪರಿಶೀಲಿಸಿತು. ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಂಬಲ, ಬದಲಾವಣೆಗೆ ಒಗ್ಗದಿರುವುದು, ನಿಯಮಗಳಿಗೆ ಅಂಟಿಕೊಳ್ಳುವುದು, ಅತಿಯಾದ ಅನುಮಾನ ಮತ್ತು ಎಚ್ಚರ ಮುಂತಾದ ಗುಣಗಳು ಅವರಲ್ಲಿ ರೋಗ ಬರುವ ಮೊದಲೇ ಇದ್ದವು. ಇಂಥ ಪ್ರತಿಯೊಂದು ಗುಣ ಹೆಚ್ಚಿದಂತೆ ರೋಗದ ಸಂಭವವನ್ನು ಸೂಚಿಸುವ ಅನುಪಾತ 6.9 ಪಟ್ಟು ಏರುತ್ತಿತ್ತು. ಆದರೆ ಇದು ದೊಡ್ಡವರಾದ ಮೇಲೆ ನೆನಪಿನಿಂದ ಹೇಳಿದ ಬಾಲ್ಯದ ಮಾಹಿತಿ. ನೆನಪಿಗೆ ಅದರದ್ದೇ ಮಿತಿಗಳಿವೆ.

ಅಮೆರಿಕದ ಮನೋವಿಜ್ಞಾನಿಗಳಾದ ಡ್ರೂ ವೆಸ್ಟನ್ ಮತ್ತು ಜೆನ್ನಿಫರ್ ಹಾರ್ನ್‌ಡೆನ್-ಫಿಷರ್ 2001ರಲ್ಲಿ ಇನ್ನೊಂದು ಮುಖ್ಯ ಅಂಶವನ್ನು ಬೆಳಕಿಗೆ ತಂದರು. ಇವರ ಪ್ರಕಾರ ಆಹಾರ ಸೇವನೆಯ ರೋಗಿಗಳಲ್ಲಿ ಮೂರು ಗುಂಪುಗಳಿವೆ: ಬದುಕನ್ನು ಚೆನ್ನಾಗಿ ನಿಭಾಯಿಸುತ್ತಿರುವ ಪರಿಪೂರ್ಣತಾವಾದಿಗಳು, ಭಾವನೆಗಳನ್ನು ಅದುಮಿಟ್ಟು ಮುದುಡಿಕೊಂಡವರು, ಭಾವನೆಗಳು ಹತೋಟಿ ಮೀರಿದವರು. ರೋಗದ ಹೆಸರು ಒಂದೇ ಇದ್ದರೂ ಈ ಮೂವರ ಅಗತ್ಯ ಒಂದೇ ಅಲ್ಲ. ಹತೋಟಿ ಸಡಿಲಿಸಲು ಕಲಿಯಬೇಕಾದವರಿಗೆ ಹತೋಟಿ ಬಿಗಿಗೊಳಿಸುವ ಚಿಕಿತ್ಸೆ ನೀಡಿದರೆ ಪ್ರಯೋಜನವೇನು?

ಹಣೆಪಟ್ಟಿಯ ಭಾರ

‘ವ್ಯಕ್ತಿತ್ವ ದೋಷ’ ಎಂಬ ಪದಕ್ಕೆ ‘ಇದು ಎಂದಿಗೂ ಸರಿಹೋಗದು’ ಎಂಬ ಅರ್ಥ ಅಂಟಿಕೊಂಡಿದೆ. ಈ ನಂಬಿಕೆಯೂ ಸಂಶೋಧನೆಯ ಮುಂದೆ ನಿಂತಿಲ್ಲ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಝನರಿನಿ ನೇತೃತ್ವದ ತಂಡವು ಬಾರ್ಡರ್‌ಲೈನ್ ನಿರ್ಣಯವಾಗಿದ್ದ 290 ಒಳರೋಗಿಗಳನ್ನು 1992ರಿಂದ ಅನುಸರಿಸುತ್ತ ಬಂದಿತು. 10 ವರ್ಷಗಳ ಅವಧಿಯಲ್ಲಿ ಶೇ. 93ರಷ್ಟು ಮಂದಿಯಲ್ಲಿ ರೋಗಲಕ್ಷಣಗಳು ಕನಿಷ್ಠ 2 ವರ್ಷ ಕಾಲ ಶಮನಗೊಂಡಿದ್ದವು ಎಂದು 2010ರಲ್ಲಿ ವರದಿಯಾಯಿತು. ಉದ್ಯೋಗ ಮತ್ತು ಸಂಬಂಧಗಳನ್ನೂ ಸೇರಿಸಿ ಅಳೆದಾಗ ಪೂರ್ಣ ಚೇತರಿಕೆ ಕಂಡವರು ಶೇ. 50. ಲಕ್ಷಣಗಳು ಅಡಗಿದಷ್ಟು ಬೇಗ ಬದುಕು ಹಳಿಗೆ ಬರುವುದಿಲ್ಲವಾದರೂ, ಈ ರೋಗ ಶಾಶ್ವತ ಶಾಪವಲ್ಲ ಎಂಬುದು ಇದರಿಂದ ಸ್ಪಷ್ಟ.

2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ವರ್ಗೀಕರಣವು ವ್ಯಕ್ತಿತ್ವ ದೋಷದ ಹಳೆಯ ಬಗೆಗಳನ್ನು ಬಹುತೇಕ ಕೈಬಿಟ್ಟು, ತೊಂದರೆಯ ತೀವ್ರತೆಯನ್ನು ಅಳೆಯುವ ಕ್ರಮವನ್ನು ಅಳವಡಿಸಿಕೊಂಡಿದೆ.

ಉಪವಾಸದ ನಾಡಿನಲ್ಲಿ

ಇವೆಲ್ಲ ಪಾಶ್ಚಾತ್ಯರ ರೋಗ ಎಂಬ ಭಾವನೆ ನಮ್ಮಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯೆ ಡಾ. ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು ನಗರದ 66 ಮನೋವೈದ್ಯರನ್ನು ಸಂದರ್ಶಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಾವನೆಯನ್ನು ಅಲುಗಿಸಿತು. ಮೂರರಲ್ಲಿ ಎರಡರಷ್ಟು ವೈದ್ಯರು ಇಂಥ ಕನಿಷ್ಠ ಒಂದು ಪ್ರಕರಣವನ್ನಾದರೂ ಕಂಡಿದ್ದರು.

ಏಷ್ಯಾದಲ್ಲಿ ರೋಗದ ಮುಖ ಬೇರೆಯಾಗಿರಲೂಬಹುದು. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಮತ್ತಿತರರು 1993ರಲ್ಲಿ 70 ಅನೊರೆಕ್ಸಿಯಾ ರೋಗಿಗಳ ವಿವರ ಪ್ರಕಟಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಎಂಬಂಥ ಕಾರಣಗಳನ್ನು ಅವರು ನೀಡಿದ್ದರು. ವ್ರತ, ಏಕಾದಶಿ, ಸೋಮವಾರದ ಒಪ್ಪೊತ್ತು ಸಹಜವಾಗಿರುವ ನಮ್ಮ ಮನೆಗಳಲ್ಲಿ ಊಟ ಬಿಡುವುದು ಬೇಗ ಕಣ್ಣಿಗೆ ಬೀಳದಿರಬಹುದು. ವ್ರತದ ಉಪವಾಸಕ್ಕೆ ಪಾರಣೆಯಿದೆ. ರೋಗದ ಉಪವಾಸಕ್ಕೆ ಅದಿಲ್ಲ.

ಮೊದಲು ಏನು?

ಚಿಕಿತ್ಸೆಯಲ್ಲಿ ಕ್ರಮ ಮುಖ್ಯ. ತೂಕ ಕುಸಿದಿದ್ದರೆ ದೇಹವನ್ನು ಸುರಕ್ಷಿತ ಸ್ಥಿತಿಗೆ ತರುವುದು ಮೊದಲ ಕೆಲಸ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ಬಹುದಿನ ಹಸಿದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ಫಾಸ್ಫೇಟ್ ಕುಸಿದು ಪ್ರಾಣಾಪಾಯ ಒದಗಬಹುದು. ಆದ್ದರಿಂದ ಮನೆಯಲ್ಲಿ ಬಲವಂತವಾಗಿ ಉಣಿಸುವುದು ಪರಿಹಾರವಲ್ಲ. ಈ ಹಂತ ವೈದ್ಯರ ನಿಗಾದಲ್ಲೇ ನಡೆಯಬೇಕು.

ವಯಸ್ಸು ಚಿಕ್ಕದಾಗಿದ್ದರೆ ಕುಟುಂಬವೇ ಚಿಕಿತ್ಸೆಯ ಭಾಗವಾಗುತ್ತದೆ. 1987ರಲ್ಲಿ ಲಂಡನ್ನಿನಿಂದ ಪ್ರಕಟವಾದ ಜೆರಾಲ್ಡ್ ರಸೆಲ್ ತಂಡದ ಅಧ್ಯಯನದಲ್ಲಿ, 19 ವರ್ಷಕ್ಕೆ ಮುನ್ನ ರೋಗ ಆರಂಭವಾಗಿ ಹಳತಾಗದಿದ್ದವರಿಗೆ ವೈಯಕ್ತಿಕ ಚಿಕಿತ್ಸೆಗಿಂತ ಕುಟುಂಬ ಚಿಕಿತ್ಸೆ ಹೆಚ್ಚು ಫಲ ನೀಡಿತ್ತು. ಭಾವನೆಗಳ ಹತೋಟಿ ತಪ್ಪಿದವರಿಗಾಗಿ ಅಮೆರಿಕದ ಮಾರ್ಷಾ ಲಿನೆಹನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯನ್ನು ನಂತರದ ಸಂಶೋಧಕರು ಬುಲಿಮಿಯಾಕ್ಕೂ ಒಗ್ಗಿಸಿದರು. ತೂಕ ಸುಧಾರಿಸಿದ ಮೇಲೂ ಉಳಿಯುವ ಗುಣಗಳು ಯಾವುವು ಎಂಬುದನ್ನು ನೋಡಿಯೇ ವ್ಯಕ್ತಿತ್ವದ ಪ್ರಶ್ನೆಗೆ ಕೈಹಾಕುವುದು ವಿವೇಕ.

ಆದರೆ ನಿರ್ಣಯದಲ್ಲಿ ತಾಳ್ಮೆ ಎಂದರೆ ಚಿಕಿತ್ಸೆಯಲ್ಲಿ ವಿಳಂಬ ಎಂದಲ್ಲ. 36 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಅನೊರೆಕ್ಸಿಯಾದಿಂದ ಬಳಲಿ ಮೃತಪಟ್ಟವರಲ್ಲಿ ಐವರಲ್ಲಿ ಒಬ್ಬರ ಸಾವು ಆತ್ಮಹತ್ಯೆಯಿಂದ ಸಂಭವಿಸಿತ್ತು. ಸಾಯುವ ಮಾತನಾಡಿದರೆ ಅದನ್ನು ಹಟವೆಂದೋ ನಾಟಕವೆಂದೋ ತಳ್ಳಿಹಾಕದೆ ಕೂಡಲೇ ನೆರವು ಪಡೆಯಬೇಕು. ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಇಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಚೇತರಿಕೆ ನಿಧಾನ, ಆದರೆ ಅಸಾಧ್ಯವಲ್ಲ. ಬಾಸ್ಟನ್ನಿನಲ್ಲಿ 246 ಮಹಿಳೆಯರೊಂದಿಗೆ ಆರಂಭವಾದ ಅಧ್ಯಯನದಲ್ಲಿ, 9 ವರ್ಷಗಳ ಹೊತ್ತಿಗೆ ಅನೊರೆಕ್ಸಿಯಾ ರೋಗಿಗಳಲ್ಲಿ ಶೇ. 31.4ರಷ್ಟು ಮಂದಿ ಮಾತ್ರ ಗುಣಮುಖರಾಗಿದ್ದರು. ಅದೇ ಪ್ರಮಾಣ 22 ವರ್ಷಗಳ ಹೊತ್ತಿಗೆ ಶೇ. 62.8ಕ್ಕೆ ಏರಿತ್ತು ಎಂದು 2017ರ ವರದಿ ತಿಳಿಸಿದೆ. 9ನೇ ವರ್ಷದಲ್ಲಿ ಇನ್ನೂ ಗುಣವಾಗದಿದ್ದವರನ್ನು ‘ಇವರ ಸ್ವಭಾವವೇ ಹೀಗೆ’ ಎಂದು ಕೈಬಿಟ್ಟಿದ್ದರೆ, ಮುಂದೆ ಗುಣಮುಖರಾದ ಅನೇಕರು ಆ ಲೆಕ್ಕಕ್ಕೆ ಸೇರುತ್ತಲೇ ಇರಲಿಲ್ಲವೇನೋ.