ಮೋಟಾರಿನ ಹಿಂದಿನ ಪೀಠ

ಕುಟುಂಬದ ಮೋಟಾರು ಕಾರಿನಲ್ಲಿ ಹಿಂದಿನ ಪೀಠವು ವೃದ್ಧರಿಗೂ ಮಕ್ಕಳಿಗೂ ಸಲ್ಲುವುದು ರೂಢಿ. ಆದರೆ ತಂಪನ್ನು ನಿಯಮಿಸುವ ಗುಂಡಿಗಳು ಬಹುಮಟ್ಟಿಗೆ ಮುಂದೆಯೇ ಇರುವುವು. ಇದರಿಂದ ಒದಗುವ ಕಷ್ಟವನ್ನು ಕಳೆದ ವೈಶಾಖದಲ್ಲಿ ನಾವು ಕಣ್ಣಾರೆ ಕಂಡೆವು.

ಮೈಸೂರಿನಿಂದ ಬೆಂಗಳೂರಿಗೆ ಬರುತ್ತಿದ್ದೆವು. ಗಾಡಿ ನಡೆಸುತ್ತಿದ್ದ ನಮಗೆ ಚಳಿಯೇ ಆಗುತ್ತಿದ್ದಿತು. ಮದ್ದೂರಿನಲ್ಲಿ ಇಳಿದು ನೋಡಿದರೆ, ಹಿಂದೆ ಕುಳಿತಿದ್ದ ತಾಯಿಯವರ ಸೆರಗೆಲ್ಲ ಬೆವರಿನಿಂದ ತೊಯ್ದಿದ್ದಿತು. "ಹೇಳಬಾರದಾಗಿತ್ತೇ ಅಮ್ಮಾ?" ಎಂದೆವು. "ದಾರಿಯ ಮೇಲಿನ ನಿನ್ನ ಗಮನ ತಪ್ಪೀತೆಂದು ಸುಮ್ಮನಿದ್ದೆನಪ್ಪ" ಎಂದರು. ಪರೀಕ್ಷಿಸಲಾಗಿ, ಹಿಂದಿನ ಗಾಳಿಕಿಂಡಿಗಳು ಮುಚ್ಚಿಯೇ ಇದ್ದವು!

ಅನೇಕ ಕಾರುಗಳಲ್ಲಿ ಹಿಂಭಾಗಕ್ಕೆ ಬೇರೆ ಶೈತ್ಯಯಂತ್ರವಿಲ್ಲ. ಮುಂದೆ ತಂಪಾದ ಗಾಳಿಯೇ ಕೊಳವೆಯ ಮೂಲಕ ಹಿಂದಕ್ಕೆ ಹರಿಯುವುದು. ಆದುದರಿಂದ ಮುಂದಿನ ಎ.ಸಿ. ನಡೆಯದೆ ಹಿಂದಿನ ಕಿಂಡಿಯನ್ನು ತೆರೆದು ಫಲವಿಲ್ಲ. ಮೂರು ಸಾಲಿನ ಕೆಲವು ದೊಡ್ಡ ವಾಹನಗಳಲ್ಲಿ ಹಿಂದಿನವರಿಗೆ ಪ್ರತ್ಯೇಕ ಫ್ಯಾನೂ ಗುಂಡಿಯೂ ಉಂಟು. ಮಕ್ಕಳು ತಿರುಗಿಸದಿರಲೆಂದು ಇವನ್ನು ಮುಂದಿನಿಂದಲೇ ಬಂಧಿಸಿಡುವ ಏರ್ಪಾಡು ಕೆಲವೆಡೆ ಇರುವುದು. ಬಿಡಿಸಲು ಮರೆತರೆ ಹಿರಿಯರಿಗೇ ಶಿಕ್ಷೆ.

1940ರ ಮಾದರಿಯ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ತಂಪುಗಾಳಿಯು ಹಿಂದಿನ ಪೀಠದ ಬೆನ್ನ ಕಡೆಯಿಂದಲೇ ಬೀಸುತ್ತಿದ್ದಿತು. ಆದರೆ ಆ ಯಂತ್ರವನ್ನು ತಡೆಯಬೇಕಾದರೆ ಗಾಡಿಯನ್ನು ನಿಲ್ಲಿಸಿ, ಮುಚ್ಚಳವೆತ್ತಿ, ಅದರ ಬೆಲ್ಟನ್ನೇ ಕಳಚಬೇಕಾಗಿದ್ದಿತು. ಇಂದು ಬೆರಳ ತುದಿಯಲ್ಲಿ ಆಗುವ ಕೆಲಸವನ್ನು ನಾವು ಮರೆಯುವುದು ತರವೇ?

ಅಂದೇ ತಾಯಿಯವರು ಹಾಡು ಕೇಳಬಯಸಿದರು. ರೇಡಿಯೋದಲ್ಲಿ ಬರಿಯ ಕರಕರ ಶಬ್ದ! ಗಾಡಿ ತೊಳೆಸುವಾಗ ಮಾಡಿನ ಹಿಂದುಗಡೆಯ ಆಂಟೆನಾ ಕಡ್ಡಿಯನ್ನು ಕಳಚಿದ್ದವರು ಅದನ್ನು ಪೂರ್ತಿ ತಿರುಪಿರಲಿಲ್ಲ. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರು. ಅದರ ಕಾಲುಭಾಗ, ಎಂದರೆ ಸುಮಾರು 75 ಸೆಂಟಿಮೀಟರಿನ ಕಡ್ಡಿ ಅದನ್ನು ಚೆನ್ನಾಗಿ ಗ್ರಹಿಸುವುದು. ಗಿಡ್ಡ ಕಡ್ಡಿಗಳಲ್ಲಿ ಸುರುಳಿ ಸುತ್ತಿದ ತಂತಿಯಿಂದ ಈ ಕೊರತೆಯನ್ನು ತುಂಬುವರು. ಕಡ್ಡಿ ಯಾವುದಾದರೂ ಬುಡ ಸಡಿಲವಾದರೆ ಧ್ವನಿ ಕೆಡುವುದು. ಯಂತ್ರದಲ್ಲಿ ತೊಳೆಸುವ ಮುನ್ನ ಕಡ್ಡಿಯನ್ನು ಕಳಚಿ, ಅನಂತರ ಕೈಯಿಂದಲೇ ಬಿಗಿಯಾಗಿ ತಿರುಪಬೇಕು. ತಾನೇ ಏರಿಳಿಯುವ ಕಡ್ಡಿಯಾದರೆ ಮೊದಲು ರೇಡಿಯೋವನ್ನು ನಿಲ್ಲಿಸಿ, ಅದು ಇಳಿದುದನ್ನು ನೋಡಿಕೊಳ್ಳಬೇಕು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಹೊರಡುವ ಮುನ್ನ ಒಮ್ಮೆ ಹಿಂದಿನ ಪೀಠದಲ್ಲಿ ತಾವೇ ಕುಳಿತು ಕಿಂಡಿಗಳ ಮುಂದೆ ಕೈಯೊಡ್ಡಿ ನೋಡಿರಿ, ಹಿರಿಯರಿಗೆ ಗುಂಡಿಗಳ ಉಪಯೋಗವನ್ನು ಕಲಿಸಿರಿ, ದಾರಿಯಲ್ಲಿ ಗಾಡಿ ನಿಂತಾಗಲೆಲ್ಲ ಅವರ ಸುಖವನ್ನು ವಿಚಾರಿಸಿರಿ. ಅವರು ಮೌನವಾಗಿರುವುದರಿಂದಲೇ ಸುಖವಾಗಿರುವರೆಂದು ತಿಳಿಯಲಾಗದು.