ಅಕ್ಷಿಪಟಲದ ಚಿತ್ರಗ್ರಹಣ: ಮುಂಬಯಿಯ ಒಂದು ಪ್ರಯೋಗ

ಇಳಿವಯಸ್ಸಿನವರ ದೃಷ್ಟಿ ಮಸುಕಾದರೆ ‘ಪೊರೆ ಬಂದಿದೆ’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಪೊರೆಯೆಂಬುದು ಕಣ್ಣಿನ ಮಸೂರಕ್ಕೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯಿಂದ ಅದನ್ನು ನೀಗಿಕೊಳ್ಳಬಹುದು. ಆದರೆ ಕಣ್ಣಿನ ಹಿಂಗೋಡೆಯನ್ನು ಒಳಗಿನಿಂದ ಆವರಿಸಿರುವ ಅಕ್ಷಿಪಟಲವು ಮಧುಮೇಹದಿಂದ ಕೆಟ್ಟರೆ, ಕಳೆದ ದೃಷ್ಟಿ ಬಹುಮಟ್ಟಿಗೆ ಮರಳದು. ನೋವಿಲ್ಲದೆ, ಮೊದಮೊದಲು ನೋಟಕ್ಕೂ ಕುಂದು ತಾರದೆ ಬೆಳೆಯುವ ಈ ರೋಗವನ್ನು ರೋಗಿಗಿಂತ ಮೊದಲು ಬೇರೊಬ್ಬರು ಕಾಣಬೇಕಾಗುತ್ತದೆ.

ಕಾಣುವುದಾದರೂ ಹೇಗೆ? ಪಾಪೆಯಿಂದ ಒಳಹೊಕ್ಕ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ. ಇಣುಕಿ ನೋಡುವವನ ತಲೆಯೇ ಆ ಬೆಳಕಿಗೆ ಅಡ್ಡ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ ನೇತ್ರದರ್ಶಕವು, ಬೆಳಕನ್ನು ಗಾಜಿನಿಂದ ಪ್ರತಿಫಲಿಸಿ ಅದೇ ಗಾಜಿನ ಮೂಲಕ ನೋಡುವ ಉಪಾಯದಿಂದ ಈ ತೊಡಕನ್ನು ಬಿಡಿಸಿತು. ಇಂದಿನ ಫಂಡಸ್ ಕ್ಯಾಮರಾ ಅದರ ಸಂತತಿ. ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿದರೆ ಕೆಲವು ಗಂಟೆ ಓದು ಬರಹ ಸಾಗದು. ದಿನಗೂಲಿಯವರಿಗೆ ಇದು ಸಣ್ಣ ತೊಂದರೆಯಲ್ಲ. ಹನಿಯ ಹಂಗಿಲ್ಲದ ಕ್ಯಾಮರಾಗಳು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಗುರಿ ಹೊಂದಿಸಿ, ಕ್ಷಣಮಾತ್ರ ಬೆಳಕು ಮಿಂಚಿಸಿ, ಪಾಪೆ ಕುಗ್ಗುವ ಮೊದಲೇ ಚಿತ್ರವನ್ನು ಸೆರೆಹಿಡಿಯುತ್ತವೆ.

ಬೆಂಗಳೂರಿನ ರೆಮಿಡಿಯೊ ಸಂಸ್ಥೆ ಇಂತಹ ಕ್ಯಾಮರಾವನ್ನು ಸ್ಮಾರ್ಟ್‌ಫೋನಿಗೆ ಜೋಡಿಸಿತು. 2018ರ ಜುಲೈಯಲ್ಲಿ ಮುಂಬಯಿ ಮಹಾನಗರಪಾಲಿಕೆಯ ದವಾಖಾನೆಗಳಲ್ಲಿ ಡಾ. ಎಸ್. ನಟರಾಜನ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೊಡ್ಡಿದರು. ಚಿತ್ರ ತೆಗೆದವರು ನೇತ್ರತಜ್ಞರಲ್ಲ, ಆರೋಗ್ಯ ಕಾರ್ಯಕರ್ತರು. ಮೆಡಿಯೋಸ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಅಂತರ್ಜಾಲದ ನೆರವಿಲ್ಲದೆ ಫೋನಿನಲ್ಲೇ ಚಿತ್ರವನ್ನು ಪರಿಶೀಲಿಸಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರಿಶೀಲನೆಗೊಳಗಾದ 213 ಮಧುಮೇಹಿಗಳ ಪೈಕಿ ತಜ್ಞರ ಬಳಿಗೆ ಕಳುಹಿಸಲೇಬೇಕಾಗಿದ್ದ ಯಾರೊಬ್ಬರನ್ನೂ ಅದು ಕೈಬಿಡಲಿಲ್ಲ. ಕಳುಹಿಸಬೇಕಿಲ್ಲದವರ ವಿಷಯದಲ್ಲಿ ಶೇ. 88.4ರಷ್ಟು ಸರಿಯಾಗಿತ್ತು, ಉಳಿದವರಿಗೆ ಅನಗತ್ಯವಾಗಿ ಎಚ್ಚರಿಕೆ ನೀಡಿತು. ಅನಗತ್ಯ ಭೇಟಿಗಿಂತ ತಪ್ಪಿಹೋದ ರೋಗ ಹೆಚ್ಚು ದುಬಾರಿಯಾದುದರಿಂದ ಈ ದೋಷ ಸಹ್ಯವೆಂದೇ ನನ್ನ ಎಣಿಕೆ. ಆದರೂ 213 ದೊಡ್ಡ ಸಂಖ್ಯೆಯಲ್ಲವೆಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ಮಿತಿಯೂ ಉಂಟು. ಇಂತಹ ಚಿತ್ರವು ಅಕ್ಷಿಪಟಲದ ಮೇಲ್ನೋಟವನ್ನಷ್ಟೇ ಕೊಡುತ್ತದೆ. ರಕ್ತದ ಚುಕ್ಕೆ, ಹಳದಿ ಕಲೆಗಳು ಅದರಲ್ಲಿ ತೋರುತ್ತವೆ. ನಡುಭಾಗ ಎಷ್ಟು ಬಾತಿದೆಯೆಂಬುದು ಅಳತೆಗೆ ಸಿಗದು. ಅದಕ್ಕೆ 1991ರಲ್ಲಿ ಮೊದಲು ಪ್ರಕಟವಾದ ಓಸಿಟಿ ವಿಧಾನ ಬೇಕು. ಒಳಪದರಗಳಿಂದ ಮರಳುವ ಬೆಳಕನ್ನು ಇನ್ನೊಂದು ಕಿರಣದೊಡನೆ ಬೆರೆಸಿ, ಸೂಜಿಯಾಗಲಿ ಬಣ್ಣದ ಮದ್ದಾಗಲಿ ಇಲ್ಲದೆ, ಅಕ್ಷಿಪಟಲದ ದಪ್ಪವನ್ನು ಅದು ಮೈಕ್ರಾನುಗಳಲ್ಲಿ ಅಳೆಯುತ್ತದೆ.