ಚಿತ್ರವಿದೆ, ತೆರೆಯುವ ತಂತ್ರಾಂಶವಿಲ್ಲ

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಕಮೊಡೋರ್ ಕಂಪನಿಯ ಹೊಸ ಕಂಪ್ಯೂಟರ್ ‘ಅಮಿಗಾ’ ಬಿಡುಗಡೆಯಾಯಿತು. ಅದರಲ್ಲಿ ಏನೆಲ್ಲ ಮಾಡಬಹುದೆಂದು ತೋರಿಸಲು ವೇದಿಕೆಗೆ ಬಂದವರು ಕಲಾವಿದ ಆಂಡಿ ವಾರ್ಹಾಲ್. ಪಕ್ಕದಲ್ಲಿ ಕೂತಿದ್ದ ಗಾಯಕಿ ಡೆಬ್ಬಿ ಹ್ಯಾರಿಯ ಮುಖ ಕ್ಯಾಮೆರಾದಿಂದ ಪರದೆಗೆ ಬಂತು. ವಾರ್ಹಾಲ್ ಮೌಸ್ ಹಿಡಿದು ಅದಕ್ಕೆ ಬಣ್ಣ ತುಂಬಿದರು. ಸೂಪಿನ ಡಬ್ಬಿಯನ್ನೂ ಮರ್ಲಿನ್ ಮನ್ರೊ ಮುಖವನ್ನೂ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮತ್ತೆ ಮತ್ತೆ ಅಚ್ಚೊತ್ತಿ ಹೆಸರಾದವರಿಗೆ ಈ ಯಂತ್ರ ಹಿಡಿಸಿದ್ದು ಸಹಜವೇ. ಅಮಿಗಾದಲ್ಲಿ ಅವರು ಇನ್ನೂ ಹಲವು ಚಿತ್ರಗಳನ್ನು ಮಾಡಿದರು. 1987ರ ಫೆಬ್ರುವರಿಯಲ್ಲಿ ತೀರಿಕೊಂಡರು. 1994ರಲ್ಲಿ ಕಮೊಡೋರ್ ಕೂಡ ದಿವಾಳಿಯಾಯಿತು.

ವಾರ್ಹಾಲ್ ಅವರ ಫ್ಲಾಪಿಗಳು ಪಿಟ್ಸ್‌ಬರ್ಗಿನ ಆಂಡಿ ವಾರ್ಹಾಲ್ ಮ್ಯೂಸಿಯಂನಲ್ಲಿ ಜೋಪಾನವಾಗಿಯೇ ಇದ್ದವು. ಒಳಗೇನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. 2011ರಲ್ಲಿ ಕಲಾವಿದ ಕೋರಿ ಆರ್ಕೇಂಜೆಲ್ ಯೂಟ್ಯೂಬಿನಲ್ಲಿ ಆ ಬಿಡುಗಡೆ ಸಮಾರಂಭದ ವಿಡಿಯೊ ನೋಡಿ, ಚಿತ್ರಗಳು ಎಲ್ಲಿ ಹೋದವು ಎಂದು ವಿಚಾರಿಸತೊಡಗಿದ ಮೇಲೆ ಕೆಲಸ ಶುರುವಾಯಿತು. ಅದಕ್ಕೆ ಕೈಹಾಕಿದ್ದು ಅದೇ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬು. ಹಳೆಯ ಯಂತ್ರಗಳ ಮೇಲಿನ ಪ್ರೀತಿಯಿಂದ ಸೇರಿದವರ ಕೂಟ ಅದು.

ಹಳೆಯ ಫ್ಲಾಪಿಯನ್ನು ಓದಿಸುವುದೇ ಅಪಾಯ. ಲೇಪನ ಸಡಿಲವಾಗಿದ್ದರೆ ಓದುವಾಗಲೇ ಕಿತ್ತುಬಂದೀತು. ಹಾಗಾಗಿ ಮತ್ತೆ ಮತ್ತೆ ಓದಿಸುವ ಬದಲು ಕ್ರಯೋಫ್ಲಕ್ಸ್ ಎಂಬ ಉಪಕರಣದಿಂದ ಫ್ಲಾಪಿಯ ಕಾಂತೀಯ ಏರಿಳಿತಗಳನ್ನೇ ನಕಲು ಮಾಡಿಕೊಂಡು, ಆ ನಕಲಿನ ಮೇಲೆ ಹುಡುಕಾಟ ನಡೆಸಿದರು. ಬಹುತೇಕ ಎಲ್ಲವೂ ತಂತ್ರಾಂಶದ ಫ್ಲಾಪಿಗಳು. ವಾರ್ಹಾಲ್ ತಮ್ಮ ಚಿತ್ರಗಳನ್ನೂ ಅವುಗಳಲ್ಲೇ ಉಳಿಸಿಟ್ಟಿದ್ದರು. ಫ್ಲಾಪಿಯ ಮೇಲಿನ ಚೀಟಿ ನಂಬಿ ಬದಿಗಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕ್ಯಾಂಪ್‌ಬೆಲ್ಸ್, ಮರ್ಲಿನ್ ಎಂಬ ಹೆಸರಿನ ಫೈಲುಗಳು ಕಂಡಾಗ ಎಲ್ಲರಿಗೂ ಹಿಗ್ಗು. ಆದರೆ ಯಾವ ತಂತ್ರಾಂಶಕ್ಕೂ ಅವು ದಕ್ಕಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಫೈಲಿನಲ್ಲಿ ಬಣ್ಣವೇ ಇರುವುದಿಲ್ಲ, ಸಂಖ್ಯೆಗಳಿರುತ್ತವೆ. ಅಮಿಗಾದ ಮಾಮೂಲಿ ಚಿತ್ರಕ್ಕೆ 4096 ಬಣ್ಣಗಳಿಂದ ಆರಿಸಿದ 32 ಬಣ್ಣಗಳ ಪಟ್ಟಿಯೊಂದಿರುತ್ತದೆ. ಪ್ರತಿ ಚುಕ್ಕಿಗೂ ಆ ಪಟ್ಟಿಯಲ್ಲಿನ ಕ್ರಮಸಂಖ್ಯೆ ಮಾತ್ರ. ಪಟ್ಟಿ ಎಲ್ಲಿದೆ, ಚುಕ್ಕಿಗಳ ಸಾಲು ಎಲ್ಲಿಂದ ಶುರು ಎಂಬುದು ಗೊತ್ತಿದ್ದದ್ದು ಚಿತ್ರ ಬಿಡಿಸಿದ ತಂತ್ರಾಂಶಕ್ಕೆ ಮಾತ್ರ. ಕ್ಲಬ್ಬಿನವರು ಆ ಸಂಖ್ಯೆಗಳನ್ನು ಹಿಮ್ಮುಖವಾಗಿ ಬಿಡಿಸುತ್ತ ಹೋದರು. ಹಿಂದೆ ಯಾರೂ ನೋಡಿರದ 28 ಚಿತ್ರಗಳು ಸಿಕ್ಕವು. ಅವುಗಳಲ್ಲಿ ಕಲಾವಿದ ಬೊಟಿಚೆಲ್ಲಿಯ ವೀನಸ್‌ನ ಮೂರು ಕಣ್ಣಿನ ರೂಪವೂ ಒಂದು. ಕನಿಷ್ಠ 11ರಲ್ಲಿ ವಾರ್ಹಾಲ್ ಸಹಿ ಇತ್ತು. ಸುದ್ದಿ ಹೊರಬಿದ್ದದ್ದು 2014ರ ಏಪ್ರಿಲ್‌ನಲ್ಲಿ.

ಜಗತ್ಪ್ರಸಿದ್ಧ ಕಲಾವಿದನಿಗಾಗಿ ಇಷ್ಟೆಲ್ಲ ನಡೆಯಿತು. ನಮ್ಮ ಮುಖಪುಟ ಕಲಾವಿದರ, ಡಿಟಿಪಿಯವರ ಕೆಲಸಕ್ಕೆ ಯಾರಿದ್ದಾರೆ? ವಾರ್ಹಾಲ್ ವೇದಿಕೆ ಏರಿದ ಅದೇ ತಿಂಗಳು ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಮಾರುಕಟ್ಟೆಗೆ ಬಂದಿತ್ತು. ಮುಂದೆ ಎಷ್ಟೋ ಕನ್ನಡ ಪುಸ್ತಕ, ವಿಶೇಷಾಂಕ, ಲಗ್ನಪತ್ರಿಕೆಗಳು ರೂಪುಗೊಂಡದ್ದು ಅದರಲ್ಲಿ ಮತ್ತು ಕೋರೆಲ್ ಡ್ರಾದಲ್ಲಿ. ಪೇಜ್‌ಮೇಕರ್ 2001ರ 7ನೇ ಆವೃತ್ತಿಗೆ ನಿಂತುಹೋಯಿತು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಸಿಎಸ್6ರವರೆಗೆ ಆ ಫೈಲುಗಳನ್ನು ತೆರೆಯುತ್ತಿತ್ತು. ನಂತರದ ಆವೃತ್ತಿಗಳು ಅದನ್ನೂ ಬಿಟ್ಟವು.

ಕನ್ನಡಕ್ಕೆ ಇನ್ನೊಂದು ಬೀಗವಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಫೈಲು ತೆರೆದರೂ ಆ ಫಾಂಟು ಇಲ್ಲದಿದ್ದರೆ ಶೀರ್ಷಿಕೆಯ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಪ್ರೆಸ್ಸಿಗೆ ಕಳಿಸುವ ಮುನ್ನ ‘ಕರ್ವ್’ ಮಾಡಿಟ್ಟ, ಅಂದರೆ ಅಕ್ಷರಗಳನ್ನು ಗೆರೆಗಳ ಚಿತ್ರವಾಗಿಸಿದ ಫೈಲುಗಳಲ್ಲಿ ಅಕ್ಷರದ ಆಕಾರ ಉಳಿದಿರುತ್ತದೆ, ಆದರೆ ಪಠ್ಯ ಹೋಗಿರುತ್ತದೆ, ತಿದ್ದುವಂತಿಲ್ಲ, ಹುಡುಕುವಂತಿಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. ವಾರ್ಹಾಲ್ ಸುದ್ದಿ ಬಂದ ಅದೇ ಏಪ್ರಿಲ್‌ನಲ್ಲಿ ‘ಡಾಕ್ಯುಮೆಂಟ್ ಲಿಬರೇಶನ್’ ಎಂಬ ಯೋಜನೆ ಶುರುವಾಯಿತು. ಕಂಪನಿಗಳು ಗುಟ್ಟಾಗಿಟ್ಟ ಫೈಲು ರಚನೆಗಳನ್ನು ಬಿಡಿಸಿ ಎಲ್ಲರಿಗೂ ಮುಕ್ತವಾಗಿ ಕೊಡುವುದೇ ಅದರ ಕೆಲಸ. ಇಂಥ ಕೆಲಸದ ಫಲವಾಗಿ ಇಂದು ಉಚಿತ ತಂತ್ರಾಂಶ ಲಿಬ್ರೆಆಫೀಸ್ ಡ್ರಾದಲ್ಲಿ ಹಳೆಯ ಪೇಜ್‌ಮೇಕರ್, ಕೋರೆಲ್ ಡ್ರಾ, ಫ್ರೀಹ್ಯಾಂಡ್ ಫೈಲುಗಳು ಎಷ್ಟೋ ಮಟ್ಟಿಗೆ ತೆರೆದುಕೊಳ್ಳುತ್ತವೆ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ. ಆದರೆ ಯಾವ ಫಾಂಟು ಬಳಸಿದ್ದೆಂದು ಮೊದಲು ತಿಳಿಯಬೇಕು.

ಅದು ಗೊತ್ತಿರುವವರು ತೊಂಬತ್ತರ ದಶಕದಲ್ಲಿ ರಾತ್ರಿಯೆಲ್ಲ ಕೂತು ಪುಟ ಕಟ್ಟಿದವರು. ಅವರಲ್ಲಿ ಅನೇಕರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಪ್ರಕಾಶಕರು ಹಳೆಯ ಸಿ.ಡಿ.ಗಳ ಡಬ್ಬ ಹಿಡಿದು ಈ ವರ್ಷವೇ ಅವರ ಮನೆಗೆ ಹೋಗಬೇಕು, ಯಾವ ಫೈಲಿಗೆ ಯಾವ ಫಾಂಟು ಎಂದು ಬರೆಸಿಕೊಳ್ಳಬೇಕು, ಆ ಫಾಂಟನ್ನೂ ಅಚ್ಚಾದ ಒಂದು ಪ್ರತಿಯನ್ನೂ ಫೈಲಿನ ಜೊತೆಗೇ ಇಡಬೇಕು.